ಸ್ಟೆಂಟ್ ಹಾಕಿಸಿಕೊಂಡವರು ಸಿಆರ್‌ಪಿ, ಎನ್‌ಎಲ್‌ಆರ್ ರಿಪೋರ್ಟ್ ಓದುವುದು ಹೇಗೆ?

"ಅಪ್ಪಾಗ ಸ್ಟೆಂಟ್ ಹಾಕಿ ಎಂಟು ದಿನ ಆತ್ರಿ. ಸಿಆರ್‌ಪಿ ಇಪ್ಪತ್ತೆರಡು ಬಂದೈತಿ. ಮತ್ತ ಬ್ಲಾಕ್ ಆಗೈತೇನ್ರಿ?"

ಇಂಥ ಪ್ರಶ್ನೆ ನನಗೆ ವಾರಕ್ಕೆ ಎರಡು ಸಲವಾದರೂ ಬರುತ್ತದೆ. ಮುಧೋಳದಿಂದ, ಇಂಡಿಯಿಂದ, ಗೋಕಾಕದಿಂದ, ರಿಪೋರ್ಟಿನ ಫೋಟೋ ಸಮೇತ. ಫೋಟೋದಲ್ಲಿ ಕೆಂಪು ಅಕ್ಷರದಲ್ಲಿ ಒಂದು ಅಂಕಿ, ಪಕ್ಕದಲ್ಲಿ 'ಹೈ' ಅಂತ ಇರುತ್ತದೆ. ಆ ಒಂದು ಪದ ನೋಡಿ ಮನೆಮಂದಿಯೆಲ್ಲ ರಾತ್ರಿ ನಿದ್ದೆ ಬಿಟ್ಟಿರುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು, ಎಲ್ಲವನ್ನೂ ಒಂದೇ ಕಡೆ ಹಂತ ಹಂತವಾಗಿ ಬರೆದಿಡುತ್ತಿದ್ದೇನೆ.

ನಾನು ಬಾಗಲಕೋಟೆಯ ನವನಗರದಲ್ಲಿ ಲ್ಯಾಬ್ ಟೆಕ್ನಿಷಿಯನ್. ಡಾಕ್ಟರ್ ಅಲ್ಲ. ಹಾಗಾಗಿ ಯಾವ ಗುಳಿಗೆ ತಗೊಳ್ಳಬೇಕು ಅಂತ ಇಲ್ಲಿ ಹೇಳುವುದಿಲ್ಲ. ರಕ್ತ ಯಾವಾಗ ಕೊಡಬೇಕು, ಯಾವ ಟೆಸ್ಟ್ ಅಂತ ಹೇಗೆ ಕೇಳಬೇಕು, ಬಂದ ಅಂಕಿಯನ್ನು ಹೇಗೆ ಓದಬೇಕು, ಅದನ್ನು ಹಿಡಿದುಕೊಂಡು ಡಾಕ್ಟರ್ ಹತ್ತಿರ ಏನು ಕೇಳಬೇಕು, ಇಷ್ಟು ಹೇಳುತ್ತೇನೆ.

ಮೊದಲು ಒಂದು ಪದ ಅರ್ಥ ಮಾಡಿಕೊಳ್ಳಿ: ಉರಿಯೂತ. ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ, ಬಿಸಿಯಾಗಿ, ಬಾವು ಬರುತ್ತದೆ ಅಲ್ವಾ? ಅದೇ ಉರಿಯೂತ. ಗಾಯ ಮಾಯಲು ದೇಹ ಮಾಡುವ ಕೆಲಸ ಅದು. ಹೃದಯದ ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬು ಸೇರಿದಾಗಲೂ ಇದೇ ಆಗುತ್ತದೆ. ಆದರೆ ಅಲ್ಲಿ ಅದು ವರ್ಷಗಟ್ಟಲೆ ಆರದೆ ಬೂದಿ ಮುಚ್ಚಿದ ಕೆಂಡದಂತೆ ಇರುತ್ತದೆ. ಕೊಬ್ಬಿನ ಗಡ್ಡೆಯ ಮೇಲಿನ ಪೊರೆ ಇದರಿಂದ ತೆಳುವಾಗುತ್ತದೆ. ಪೊರೆ ಒಡೆದರೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಅದೇ ಹಾರ್ಟ್ ಅಟ್ಯಾಕ್. ಸ್ಟೆಂಟ್ ಅಂದರೆ ನಮ್ಮ ಕಡೆ ಜನ 'ಸ್ಪ್ರಿಂಗ್' ಅನ್ನುವ ಸಣ್ಣ ಲೋಹದ ಜಾಳಿಗೆ. ಅದು ಬ್ಲಾಕ್ ಆದ ಒಂದು ಜಾಗವನ್ನು ತೆರೆದಿಡುತ್ತದೆ. ಉಳಿದ ನಾಳಗಳಲ್ಲಿ ಇರುವ ಕೆಂಡವನ್ನು ಅದು ಆರಿಸುವುದಿಲ್ಲ. ಆ ಕೆಂಡ ಎಷ್ಟು ಬಿಸಿಯಿದೆ ಅನ್ನುವ ಅಂದಾಜನ್ನು ರಕ್ತದ ಕೆಲವು ಟೆಸ್ಟ್‌ಗಳು ಕೊಡುತ್ತವೆ. ಸಿಆರ್‌ಪಿ, ಎನ್‌ಎಲ್‌ಆರ್ ಅಂಥವೇ.

ಕೈಯಲ್ಲಿ ಇಟ್ಟುಕೊಳ್ಳಬೇಕಾದದ್ದು: ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡ್, ಪ್ರೊಸೀಜರ್‌ಗೆ (ಸ್ಟೆಂಟ್ ಹಾಕುವುದಕ್ಕೆ) ಮುಂಚೆ ಮಾಡಿಸಿದ ಸಿಬಿಸಿ (ರಕ್ತಕಣಗಳ ಎಣಿಕೆ) ಮತ್ತು ಕೊಲೆಸ್ಟ್ರಾಲ್ ರಿಪೋರ್ಟ್, ಈಗ ತಗೊಳ್ಳುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿ, ಒಂದು ನೋಟ್‌ಬುಕ್. ಮುಂಚಿನ ಸಿಬಿಸಿಯನ್ನು ದಯವಿಟ್ಟು ಎಸೆಯಬೇಡಿ. ಅದು ಯಾಕೆ ಬೇಕು ಅಂತ 6ನೇ ಹಂತದಲ್ಲಿ ಗೊತ್ತಾಗುತ್ತದೆ.

1. ತೊಂದರೆ ಈಗಲೇ ಇದ್ದರೆ ಲ್ಯಾಬಿಗೆ ಬರಬೇಡಿ

ಎದೆ ಬಿಗಿಯುತ್ತಿದೆ, ಎಡಗೈ ಅಥವಾ ದವಡೆಗೆ ನೋವು ಹರಿಯುತ್ತಿದೆ, ತಣ್ಣನೆ ಬೆವರು, ಉಸಿರು ಸಿಗುತ್ತಿಲ್ಲ. ಇಂಥ ಹೊತ್ತಿನಲ್ಲಿ ಸಿಆರ್‌ಪಿ ಮಾಡಿಸೋಣ ಅಂತ ಬರುವವರಿದ್ದಾರೆ. ಬೇಡ. 108ಕ್ಕೆ ಫೋನ್ ಮಾಡಿ. ಆಗ ಬೇಕಿರುವುದು ಇಸಿಜಿ ಮತ್ತು ಟ್ರೋಪೋನಿನ್. ಟ್ರೋಪೋನಿನ್ ಅಂದರೆ ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಪ್ರೋಟೀನ್. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಬೇಕಿದ್ದರೆ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಬೆಳಗಾವಿಗೋ ವಿಜಯಪುರಕ್ಕೋ ನೇರವಾಗಿ ಹೋಗೋಣ ಅಂತ ಎರಡು ತಾಸು ಗಾಡಿಯಲ್ಲಿ ಕಳೆಯುವ ಮುಂಚೆ ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಆಗಲಿ.

ಇನ್ನೊಂದು ಮಾತು. ಸ್ಟೆಂಟ್ ಹಾಕಲು ಸೂಜಿ ಚುಚ್ಚಿದ ಮಣಿಕಟ್ಟು ಅಥವಾ ತೊಡೆಸಂದಿ ಕೆಂಪಾಗಿ ಬಾವು ಬಂದಿದ್ದರೆ, ಕೀವು ಇದ್ದರೆ, ಚಳಿಜ್ವರ ಇದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಅದಕ್ಕೂ ಈ ಲೇಖನ ಓದುತ್ತ ಕೂರಬೇಡಿ.

2. ಸರಿಯಾದ ಟೆಸ್ಟಿನ ಹೆಸರು ಹೇಳಿ

ತಪ್ಪು ಆಗುವುದು ಬಹುತೇಕ ಇಲ್ಲೇ. ಸಿಆರ್‌ಪಿ ಅಂದರೆ ಸಿ-ರಿಯಾಕ್ಟಿವ್ ಪ್ರೋಟೀನ್. ದೇಹದಲ್ಲಿ ಎಲ್ಲಾದರೂ ಉರಿಯೂತ ಇದ್ದಾಗ ಪಿತ್ತಜನಕಾಂಗ, ಅಂದರೆ ಲಿವರ್, ಇದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಇದನ್ನು ಮೊದಲು ಕಂಡುಹಿಡಿದದ್ದು 1930ರಲ್ಲಿ, ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. ಹೃದಯಕ್ಕೂ ಇದಕ್ಕೂ ನಂಟಿದೆ ಅಂತ ಗೊತ್ತಾದದ್ದು ಎಷ್ಟೋ ವರ್ಷ ಆದ ಮೇಲೆ.

ಲ್ಯಾಬಿನಲ್ಲಿ ಇದನ್ನು ಮೂರು ಬಗೆಯಲ್ಲಿ ಮಾಡುತ್ತಾರೆ. ಒಂದು, ಸ್ಲೈಡ್ ಟೆಸ್ಟ್. ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ಹಾಕಿ ಅಲ್ಲಾಡಿಸಿ, ಕಾಳು ಕಟ್ಟಿದರೆ 'ಪಾಸಿಟಿವ್' ಅಂತ ಬರೆಯುವುದು. ಸಣ್ಣ ಊರುಗಳಲ್ಲಿ ಇದೇ ಜಾಸ್ತಿ. ಲೀಟರಿಗೆ ಸುಮಾರು 6 ಮಿಲಿಗ್ರಾಂ ದಾಟಿದ ಮೇಲಷ್ಟೇ ಇದಕ್ಕೆ ಕಾಣಿಸುತ್ತದೆ. ಎರಡು, ಮಷಿನ್‌ನಲ್ಲಿ ಅಳೆಯುವ ಸಾಮಾನ್ಯ ಸಿಆರ್‌ಪಿ. ಜ್ವರ, ನಂಜು, ಆಪರೇಷನ್ ಆದ ಗಾಯ, ಇವುಗಳಿಗೆ ಇದು ಸಾಕು. ಮೂರು, ಹೈ ಸೆನ್ಸಿಟಿವಿಟಿ ಸಿಆರ್‌ಪಿ, ಚಿಕ್ಕದಾಗಿ ಎಚ್‌ಎಸ್-ಸಿಆರ್‌ಪಿ. ಇದೂ ಅದೇ ಪ್ರೋಟೀನು. ಅಳೆಯುವ ತಕ್ಕಡಿ ಮಾತ್ರ ಸೂಕ್ಷ್ಮ. ಜೋಳದ ಚೀಲ ತೂಗುವ ಕಾಟಾದಲ್ಲಿ ಬಂಗಾರ ತೂಗುವುದಿಲ್ಲ ಅಲ್ವಾ, ಹಾಗೆ.

ಹೃದಯದ ಲೆಕ್ಕ ಇರುವುದು 1, 2, 3 ಅನ್ನುವ ಸಣ್ಣ ಅಂಕಿಗಳಲ್ಲಿ. ಅದಕ್ಕೆ ಎಚ್‌ಎಸ್-ಸಿಆರ್‌ಪಿಯೇ ಬೇಕು. ಕೌಂಟರಿನಲ್ಲಿ ಸುಮ್ನೆ "ಸಿಆರ್‌ಪಿ ಮಾಡ್ರಿ" ಅನ್ನಬೇಡಿ. ಡಾಕ್ಟರ್ ಚೀಟಿ ತೋರಿಸಿ, "ಹೃದಯಕ್ಕೆ ಮಾಡುವ ಎಚ್‌ಎಸ್-ಸಿಆರ್‌ಪಿ ಐತೇನ್ರಿ?" ಅಂತ ಬಾಯಿಬಿಟ್ಟು ಕೇಳಿ. ಸ್ಲೈಡ್ ಟೆಸ್ಟಿನಲ್ಲಿ 'ನೆಗೆಟಿವ್' ಬಂತು ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. 4 ಇದ್ದರೂ ಅದು ನೆಗೆಟಿವ್ ಅಂತಲೇ ತೋರಿಸುತ್ತದೆ.

3. ದಿನ ಆರಿಸಿ

ಮೇಲೆ ಕೇಳಿದ ಪ್ರಶ್ನೆಗೆ ಉತ್ತರ ಈ ಹಂತದಲ್ಲಿದೆ. ನನ್ನ ಮಟ್ಟಿಗೆ ಇಡೀ ಲೇಖನದಲ್ಲಿ ಬಹಳ ಮುಖ್ಯವಾದದ್ದೂ ಇದೇ.

ಹಾರ್ಟ್ ಅಟ್ಯಾಕ್ ಆದಾಗ ಹೃದಯದ ಸ್ನಾಯುವಿಗೆ ಪೆಟ್ಟಾಗುತ್ತದೆ. ಬಲೂನ್ ಉಬ್ಬಿಸಿ ಸ್ಟೆಂಟ್ ಕೂರಿಸುವಾಗ ನಾಳದ ಒಳಗೋಡೆಗೂ ಸಣ್ಣ ಗಾಯ ಆಗುತ್ತದೆ. ಎರಡೂ ಕಾರಣಕ್ಕೆ ಸಿಆರ್‌ಪಿ ಏರಲೇಬೇಕು. ಪೆಟ್ಟಾದ ಆರೇಳು ತಾಸಿನಲ್ಲಿ ಏರಲು ಶುರುವಾಗಿ, ಎರಡು ಮೂರು ದಿನಕ್ಕೆ ತುದಿ ಮುಟ್ಟಿ, ಆಮೇಲೆ ಇಳಿಯುತ್ತದೆ. ರಕ್ತದಲ್ಲಿ ಇರುವ ಸಿಆರ್‌ಪಿ ಅರ್ಧಕ್ಕೆ ಇಳಿಯಲು ಸುಮಾರು 19 ತಾಸು ಸಾಕು. ಆದರೆ ಗಾಯ ಪೂರ್ತಿ ಮಾಯುವವರೆಗೆ ಲಿವರ್ ಹೊಸದನ್ನು ಬಿಡುತ್ತಲೇ ಇರುತ್ತದೆ. ದೊಡ್ಡ ಅಟ್ಯಾಕ್ ಆದವರಲ್ಲಿ ಪೂರ್ತಿ ಇಳಿಯಲು ವಾರಗಳೇ ಬೇಕು.

ಹಾಗಾಗಿ ಎಂಟನೇ ದಿನದ 22 ಅನ್ನುವ ಅಂಕಿ 'ಮತ್ತೆ ಬ್ಲಾಕ್ ಆಗಿದೆ' ಅಂತ ಹೇಳುವುದಿಲ್ಲ. ಬ್ಲಾಕ್ ಇದೆಯೋ ಇಲ್ಲವೋ ಅಂತ ಸಿಆರ್‌ಪಿ ಯಾವತ್ತೂ ಹೇಳುವುದಿಲ್ಲ. ಜ್ವರ, ಗಾಯದಲ್ಲಿ ಕೀವು, ಕೆಮ್ಮು ಇವೆಯೇ ನೋಡಿ. ಇದ್ದರೆ ಡಾಕ್ಟರಿಗೆ ತೋರಿಸಿ. ಇಲ್ಲದಿದ್ದರೆ ಮುಂದಿನ ಫಾಲೋಅಪ್‌ಗೆ ಆ ರಿಪೋರ್ಟ್ ತೆಗೆದುಕೊಂಡು ಹೋದರೆ ಆಯಿತು.

ಮುಂದಿನ ವರ್ಷಗಳ ಅಂದಾಜು ಬೇಕಾದರೆ ಎರಡು ಸಮಯ ಸರಿ. ಪ್ರೊಸೀಜರ್‌ಗೆ ಮುಂಚೆ ತೆಗೆದ ರಕ್ತ ಒಂದು. ಅದನ್ನು ಆಸ್ಪತ್ರೆಯವರೇ ತೆಗೆದಿರುತ್ತಾರೆ, ಡಿಸ್ಚಾರ್ಜ್ ಕಾರ್ಡಿನಲ್ಲಿ ಹುಡುಕಿ. ಇನ್ನೊಂದು, ಎಲ್ಲ ತಣ್ಣಗಾದ ಮೇಲೆ. ಈ ವಿಷಯದ ದೊಡ್ಡ ಅಧ್ಯಯನಗಳಲ್ಲಿ ಒಂದಾದ ಕ್ಯಾಂಟೋಸ್‌ನಲ್ಲಿ ಹಾರ್ಟ್ ಅಟ್ಯಾಕ್ ಆಗಿ ಕನಿಷ್ಠ 30 ದಿನ ಕಳೆದವರನ್ನಷ್ಟೇ ತೆಗೆದುಕೊಂಡಿದ್ದರು. ನೀವೂ ನಾಲ್ಕರಿಂದ ಆರು ವಾರ ಬಿಟ್ಟು ಮಾಡಿಸಿದರೆ ಒಳ್ಳೆಯದು.

ಆ ದಿನ ಹತ್ತಿರ ಬಂದಾಗ ಇವು ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ: ನೆಗಡಿ, ಜ್ವರ, ಭೇದಿ, ಉರಿಮೂತ್ರ, ಹಲ್ಲು ಕೀಳಿಸಿದ್ದು, ಲಸಿಕೆ ಹಾಕಿಸಿಕೊಂಡಿದ್ದು, ಮೈಮುರಿಯುವಂಥ ದಣಿವು. ಯುಗಾದಿಗೆ ಮುಂಚೆ ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರು ಬಹಳ. ನಡೆದು ಬಂದ ವಾರದಲ್ಲಿ ಮಾಡಿಸಿದರೆ ಸಿಆರ್‌ಪಿ ಏರಿರುತ್ತದೆ. ಅದು ಕಾಲಿನ ಬೊಬ್ಬೆ, ಸ್ನಾಯುಗಳ ದಣಿವಿನ ಲೆಕ್ಕ, ಹೃದಯದ್ದಲ್ಲ. ಸ್ಟೆಂಟ್ ಹಾಕಿಸಿಕೊಂಡ ವರ್ಷ ಪಾದಯಾತ್ರೆಗೆ ಹೊರಡುವ ಮುಂಚೆ ಡಾಕ್ಟರನ್ನು ಕೇಳಲೇಬೇಕು, ಅದು ಬೇರೆ ಮಾತು. ಮಳೆಗಾಲದಲ್ಲಿ ಚಿಕುನ್‌ಗುನ್ಯಾ, ಡೆಂಗಿ ಬಂದು ಹೋಗಿದ್ದರೆ ಕೀಲುನೋವು ಪೂರ್ತಿ ಇಳಿಯುವವರೆಗೆ ಕಾಯಿರಿ.

4. ರಕ್ತ ಕೊಡುವ ದಿನ

ಸಿಆರ್‌ಪಿಗೂ ಸಿಬಿಸಿಗೂ ಖಾಲಿ ಹೊಟ್ಟೆ ಬೇಕಿಲ್ಲ. ಜೊತೆಗೆ ಖಾಲಿ ಹೊಟ್ಟೆಯ ಶುಗರ್ ಟೆಸ್ಟ್ ಕೂಡ ಬರೆದಿದ್ದರೆ ಮಾತ್ರ ಖಾಲಿ ಹೊಟ್ಟೆಯಲ್ಲಿ ಬನ್ನಿ. ಹೃದಯದ ಬೆಳಗಿನ ಗುಳಿಗೆಗಳನ್ನು ಟೆಸ್ಟ್ ಇದೆ ಅಂತ ಬಿಡಬೇಡಿ. ಖಾಲಿ ಹೊಟ್ಟೆಯಲ್ಲಿ ಬರುವವರು ಶುಗರಿನ ಗುಳಿಗೆ ಯಾವಾಗ ತಗೊಳ್ಳಬೇಕು ಅಂತ ಡಾಕ್ಟರನ್ನು ಕೇಳಿ. ರಕ್ತ ತೆಳುವಾಗಿಡುವ ಗುಳಿಗೆ ತಗೊಳ್ಳುವವರು ಸೂಜಿ ತೆಗೆದ ಜಾಗವನ್ನು ಐದು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಉಜ್ಜಬೇಡಿ. ಇಲ್ಲದಿದ್ದರೆ ಕೈ ನೀಲಿಗಟ್ಟುತ್ತದೆ.

ನೇರಳೆ ಮುಚ್ಚಳದ ಟ್ಯೂಬ್ ಸಿಬಿಸಿಗೆ. ಅದನ್ನು ಅವತ್ತೇ, ಆದಷ್ಟು ಬೇಗ ಎಣಿಸಬೇಕು. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು ನಿಮಗೆ ಗೊತ್ತು. ಆ ಬಿಸಿಯಲ್ಲಿ ಟ್ಯೂಬ್ ಅರ್ಧ ದಿನ ಬೈಕಿನ ಡಬ್ಬಿಯಲ್ಲಿ ತಿರುಗಿದರೆ ಕಣಗಳು ಹಾಳಾಗಿ ಲೆಕ್ಕ ತಪ್ಪುತ್ತದೆ. ಮನೆಗೆ ಬಂದು ರಕ್ತ ತೆಗೆಯುವವರಿದ್ದರೆ, "ಎಷ್ಟೊತ್ತಿಗೆ ಮಷಿನ್‌ಗೆ ಹಾಕ್ತೀರಿ?" ಅಂತ ಕೇಳಿ. ಹಾಗೆ ಕೇಳುವುದು ಅವಮಾನ ಮಾಡಿದಂತೆ ಅಲ್ಲ. ಒಳ್ಳೆಯ ಲ್ಯಾಬಿನವರು ಸಂತೋಷದಿಂದ ಹೇಳುತ್ತಾರೆ.

5. ಅಂಕಿಗಿಂತ ಮುಂಚೆ ಯುನಿಟ್ ಓದಿ

ಜಮಖಂಡಿ ಕಡೆಯ ಒಬ್ಬ ತಾಯಿ ಎರಡು ರಿಪೋರ್ಟ್ ಕಳಿಸಿದ್ದರು. ಒಂದರಲ್ಲಿ 0.4, ಮುಂದಿನ ತಿಂಗಳದ್ದರಲ್ಲಿ 4. ಹತ್ತು ಪಟ್ಟು ಏರಿದೆ ಅಂತ ಅತ್ತುಬಿಟ್ಟಿದ್ದರು. ನಿಜದಲ್ಲಿ ಏನೂ ಏರಿರಲಿಲ್ಲ. ಮೊದಲ ಲ್ಯಾಬ್ ಎಂಜಿ/ಡಿಎಲ್ ಅಂತ ಬರೆದಿತ್ತು, ಎರಡನೆಯದು ಎಂಜಿ/ಎಲ್ ಅಂತ. ಡಿಎಲ್ ಅಂದರೆ ಡೆಸಿಲೀಟರ್, ಲೀಟರಿನ ಹತ್ತನೇ ಒಂದು ಪಾಲು. ಎಂಜಿ/ಡಿಎಲ್ ಅಂಕಿಯನ್ನು 10ರಿಂದ ಗುಣಿಸಿದರೆ ಎಂಜಿ/ಎಲ್ ಸಿಗುತ್ತದೆ. 0.4 ಎಂಜಿ/ಡಿಎಲ್, 4 ಎಂಜಿ/ಎಲ್, ಎರಡೂ ಒಂದೇ. ನೋಟ್‌ಬುಕ್ಕಿನಲ್ಲಿ ಸಿಆರ್‌ಪಿಯ ಎಲ್ಲ ಅಂಕಿಗಳನ್ನೂ ಎಂಜಿ/ಎಲ್‌ಗೆ ಬದಲಿಸಿ ಬರೆದುಕೊಳ್ಳಿ. ಆದಷ್ಟೂ ಒಂದೇ ಲ್ಯಾಬಿನಲ್ಲಿ ಮಾಡಿಸಿ.

ಈಗ ಅಂಕಿ. ಎಚ್‌ಎಸ್-ಸಿಆರ್‌ಪಿ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ. 1ರಿಂದ 3 ನಡುವೆ ಮಧ್ಯಮ. 3ಕ್ಕಿಂತ ಮೇಲೆ ಜಾಸ್ತಿ. ಈಗಾಗಲೇ ಹಾರ್ಟ್ ಅಟ್ಯಾಕ್ ಆದವರ ಅಥವಾ ಸ್ಟೆಂಟ್ ಇರುವವರ ಅಧ್ಯಯನಗಳಲ್ಲಿ ಹೆಚ್ಚಾಗಿ 2 ಅನ್ನುವುದನ್ನೇ ಗೆರೆಯಾಗಿ ಇಟ್ಟುಕೊಳ್ಳುತ್ತಾರೆ. 10 ದಾಟಿದರೆ ಅದನ್ನು ಹೃದಯದ ಲೆಕ್ಕಕ್ಕೆ ಹಿಡಿಯಬಾರದು. ಎಲ್ಲೋ ಸೋಂಕು ಅಥವಾ ಬೇರೆ ಕಾಯಿಲೆ ಇದೆ ಅಂತ ಹುಡುಕಬೇಕು. ಅದು ವಾಸಿಯಾದ ಮೇಲೆ ಮತ್ತೆ ಮಾಡಿಸಬೇಕು.

ಒಂದೇ ಸಲದ ಅಂಕಿಯನ್ನು ನಂಬಬೇಡಿ. ಎರಡು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ, ಎರಡರ ಸರಾಸರಿ ತೆಗೆದುಕೊಳ್ಳುವುದು ಸರಿಯಾದ ಪದ್ಧತಿ. ಅಮೆರಿಕದ ಹೃದಯ ಸಂಘ 2003ರಲ್ಲೇ ಹೀಗೆ ಹೇಳಿದೆ. ಮೊದಲ ಸಲ 3.6, ಎರಡನೇ ಸಲ 2.0 ಬಂದರೆ ನಿಮ್ಮ ಅಂಕಿ 2.8.

6. ಸಿಬಿಸಿಯಿಂದ ಎನ್‌ಎಲ್‌ಆರ್ ತೆಗೆಯಿರಿ

ಇದಕ್ಕೆ ಬೇರೆ ಟೆಸ್ಟ್ ಬೇಡ, ಬೇರೆ ದುಡ್ಡೂ ಬೇಡ. ಸಿಬಿಸಿ ಅಂದರೆ ರಕ್ತಕಣಗಳ ಪೂರ್ತಿ ಎಣಿಕೆ. ತಾಲ್ಲೂಕು ಆಸ್ಪತ್ರೆಯಲ್ಲೂ ಆಗುತ್ತದೆ. ಅದರಲ್ಲಿ ಬಿಳಿ ರಕ್ತಕಣಗಳ ಬಗೆಗಳನ್ನು ಶೇಕಡಾ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ನ್ಯೂಟ್ರೋಫಿಲ್ ಅಂದರೆ ಗಾಯ, ಸೋಂಕು ಆದಾಗ ಮೊದಲು ಓಡಿಬರುವ ಕಣಗಳು. ಲಿಂಫೋಸೈಟ್ ಅಂದರೆ ನಿಧಾನವಾಗಿ, ಗುರುತಿಟ್ಟು ಕೆಲಸ ಮಾಡುವ ಕಣಗಳು. ದೇಹಕ್ಕೆ ಒತ್ತಡ ಬಿದ್ದಾಗ ಮೊದಲನೆಯವು ಏರುತ್ತವೆ, ಎರಡನೆಯವು ಇಳಿಯುತ್ತವೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವುದೇ ಎನ್‌ಎಲ್‌ಆರ್.

ಲೆಕ್ಕ ಹೀಗೆ. ನ್ಯೂಟ್ರೋಫಿಲ್ 60, ಲಿಂಫೋಸೈಟ್ 30 ಇದ್ದರೆ 60 ಭಾಗಿಸು 30, ಉತ್ತರ 2. ನ್ಯೂಟ್ರೋಫಿಲ್ 78, ಲಿಂಫೋಸೈಟ್ 13 ಇದ್ದರೆ ಉತ್ತರ 6. ಕೆಲವು ರಿಪೋರ್ಟ್‌ಗಳಲ್ಲಿ 'ಆಬ್ಸೊಲ್ಯೂಟ್ ಕೌಂಟ್' ಅಂತ 4,800, 2,400 ಹೀಗೆ ಬರೆದಿರುತ್ತಾರೆ. ಅದರಿಂದ ಮಾಡಿದರೂ ಉತ್ತರ ಅದೇ. ಆದರೆ ಒಂದನ್ನು ಶೇಕಡಾ, ಇನ್ನೊಂದನ್ನು ಆಬ್ಸೊಲ್ಯೂಟ್ ಸಾಲಿನಿಂದ ತೆಗೆದುಕೊಳ್ಳಬೇಡಿ.

ಆರೋಗ್ಯವಂತ ದೊಡ್ಡವರಲ್ಲಿ ಇದು ಸುಮಾರು 1ರಿಂದ 3ರ ಒಳಗೆ ಇರುತ್ತದೆ. ಆಂಜಿಯೋಪ್ಲಾಸ್ಟಿಗೆ, ಅಂದರೆ ಬಲೂನ್ ಉಬ್ಬಿಸಿ ಸ್ಟೆಂಟ್ ಹಾಕಿಸಿಕೊಳ್ಳಲು, ಬಂದಾಗಲೇ ಎನ್‌ಎಲ್‌ಆರ್ ಜಾಸ್ತಿ ಇದ್ದವರಲ್ಲಿ ಮುಂದೆ ಸಾವು, ಮತ್ತೆ ಹಾರ್ಟ್ ಅಟ್ಯಾಕ್, ಹೃದಯ ಸೋಲುವುದು ಹೆಚ್ಚು ಅಂತ ಬಹಳಷ್ಟು ಅಧ್ಯಯನಗಳು ಹೇಳಿವೆ. ಮುಂಚಿನ ಸಿಬಿಸಿ ಎಸೆಯಬೇಡಿ ಅಂದದ್ದು ಇದಕ್ಕೇ. ಆದರೆ ಇಷ್ಟು ದಾಟಿದರೆ ಅಪಾಯ ಅನ್ನುವ ಎಲ್ಲರೂ ಒಪ್ಪಿದ ಗೆರೆ ಇಲ್ಲ. ಒಂದು ಅಧ್ಯಯನದ ಗೆರೆ ಇನ್ನೊಂದರಲ್ಲಿ ಇರುವುದಿಲ್ಲ. ಹಾಗಾಗಿ ಮೊಬೈಲಿನಲ್ಲಿ ಹುಡುಕಿ ಸಿಕ್ಕ ಗೆರೆಗೆ ನಿಮ್ಮ ಅಂಕಿ ಹೋಲಿಸಬೇಡಿ. ನಿಮ್ಮದೇ ಹಳೆಯ ಅಂಕಿಗೆ ಹೋಲಿಸಿ. ಅಟ್ಯಾಕ್ ದಿನ 7 ಇತ್ತು, ಆರು ವಾರಕ್ಕೆ 2.3ಕ್ಕೆ ಬಂತು ಅಂದರೆ ದೇಹ ಸುಧಾರಿಸಿಕೊಂಡಿದೆ.

ಇಲ್ಲೊಂದು ದೊಡ್ಡ ಹಳ್ಳ ಇದೆ, ನೋಡಿ ಹೆಜ್ಜೆ ಇಡಿ. ಮೊಣಕಾಲು ನೋವಿಗೆ, ದಮ್ಮಿಗೆ ಕೊಡುವ ಸ್ಟೆರಾಯ್ಡ್ ಇಂಜೆಕ್ಷನ್ ಅಥವಾ ಗುಳಿಗೆ ನ್ಯೂಟ್ರೋಫಿಲ್ ಏರಿಸುತ್ತದೆ, ಲಿಂಫೋಸೈಟ್ ಇಳಿಸುತ್ತದೆ. ಎನ್‌ಎಲ್‌ಆರ್ ಜಿಗಿಯುತ್ತದೆ. ಅದೇ ಸ್ಟೆರಾಯ್ಡ್ ಸಿಆರ್‌ಪಿಯನ್ನು ಇಳಿಸುತ್ತದೆ. ಎರಡು ಟೆಸ್ಟ್ ಎರಡು ದಿಕ್ಕಿಗೆ ಹೋಗಿ ಎಲ್ಲರನ್ನೂ ಗೊಂದಲಕ್ಕೆ ಹಾಕುತ್ತವೆ. ಸಂತೆಯಲ್ಲಿ, ಜಾತ್ರೆಯಲ್ಲಿ ಹೆಸರಿಲ್ಲದೆ ಪುಡಿಕೆ ಕಟ್ಟಿ ಕೊಡುವ ನೋವಿನ ಪುಡಿಗಳಲ್ಲೂ ಸ್ಟೆರಾಯ್ಡ್ ಬೆರೆಸಿರುವುದು ಉಂಟು. ಅಂಥದ್ದು ತಗೊಂಡಿದ್ದರೆ ನಾಚಿಕೆ ಪಡದೆ ಡಾಕ್ಟರಿಗೆ ಹೇಳಿ.

7. ಉಳಿದ ಹೆಸರುಗಳು ಕಂಡರೆ

ಇಎಸ್‌ಆರ್: ಉರಿಯೂತ ನೋಡುವ ಹಳೆಯ, ಅಗ್ಗದ ಟೆಸ್ಟ್. ವಯಸ್ಸು, ರಕ್ತಹೀನತೆ, ಎಲ್ಲದಕ್ಕೂ ಏರುತ್ತದೆ. ಸ್ಟೆಂಟಿನ ಮುಂದಿನ ಲೆಕ್ಕಕ್ಕೆ ಇದನ್ನು ನೆಚ್ಚಬೇಡಿ. ಪಿಎಲ್‌ಆರ್: ಪ್ಲೇಟ್‌ಲೆಟ್ ಭಾಗಿಸು ಲಿಂಫೋಸೈಟ್. ಎಸ್‌ಐಐ: ಪ್ಲೇಟ್‌ಲೆಟ್ ಗುಣಿಸು ಎನ್‌ಎಲ್‌ಆರ್. ಇವೆರಡೂ ಸಂಶೋಧನೆಯಲ್ಲಿ ಚೆನ್ನಾಗಿ ಓಡುತ್ತಿವೆ, ಮನೆಯಲ್ಲಿ ಲೆಕ್ಕ ಹಾಕುವ ಅಗತ್ಯ ಇಲ್ಲ. ಇಂಟರ್‌ಲ್ಯೂಕಿನ್-6: ಲಿವರಿಗೆ ಸಿಆರ್‌ಪಿ ಮಾಡು ಅಂತ ಸಂದೇಶ ಕೊಡುವ ಪ್ರೋಟೀನ್. ದುಬಾರಿ. ಡಾಕ್ಟರ್ ಬರೆದುಕೊಡದೆ ಮಾಡಿಸಬೇಡಿ.

8. ಒಂಟಿ ಅಂಕಿ ಓದಬೇಡಿ, ಪಕ್ಕದ್ದನ್ನೂ ಇಟ್ಟುಕೊಳ್ಳಿ

ಮೋಡ ಕವಿದರೆ ಮಳೆ ಬರುವ ಸಂಭವ ಜಾಸ್ತಿ. ಆದರೆ ಯಾರ ಹೊಲದ ಮೇಲೆ ಸುರಿಯುತ್ತದೆ ಅಂತ ಮೋಡ ಹೇಳುವುದಿಲ್ಲ. ಈ ಟೆಸ್ಟ್‌ಗಳೂ ಹಾಗೆಯೇ. ಸಾವಿರ ಜನರ ಗುಂಪಿನಲ್ಲಿ ಸಿಆರ್‌ಪಿ ಜಾಸ್ತಿ ಇದ್ದವರಿಗೆ ತೊಂದರೆ ಹೆಚ್ಚು ಬಂತು ಅನ್ನುವುದು ಗಟ್ಟಿ ಮಾತು. 2023ರಲ್ಲಿ, ಸ್ಟ್ಯಾಟಿನ್ ತಗೊಳ್ಳುತ್ತಿದ್ದ 31,245 ಜನರ ಲೆಕ್ಕ ಒಟ್ಟು ಹಾಕಿ ನೋಡಿದಾಗ, ಮುಂದಿನ ಹೃದಯದ ತೊಂದರೆ ಮತ್ತು ಸಾವನ್ನು ಎಲ್‌ಡಿಎಲ್‌ಗಿಂತ ಎಚ್‌ಎಸ್-ಸಿಆರ್‌ಪಿಯೇ ಹೆಚ್ಚು ಚೆನ್ನಾಗಿ ಸೂಚಿಸಿತ್ತು. ಎಲ್‌ಡಿಎಲ್ ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಸ್ಟ್ಯಾಟಿನ್ ಅಂದರೆ ಅದನ್ನು ಇಳಿಸುವ ಗುಳಿಗೆ. ಆದರೆ ನಿಮ್ಮ ತಂದೆಗೆ ಏನಾಗುತ್ತದೆ ಅಂತ ಆ ಒಂದು ಅಂಕಿ ಹೇಳಲಾರದು.

ಹಾಗಾಗಿ ನೋಟ್‌ಬುಕ್ಕಿನ ಒಂದೇ ಪುಟದಲ್ಲಿ ಇವನ್ನೆಲ್ಲ ಬರೆಯಿರಿ: ಎಚ್‌ಎಸ್-ಸಿಆರ್‌ಪಿ, ಎನ್‌ಎಲ್‌ಆರ್, ಎಲ್‌ಡಿಎಲ್, ಮೂರು ತಿಂಗಳ ಶುಗರಿನ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಕಿಡ್ನಿಯ ಕ್ರಿಯಾಟಿನಿನ್, ಬಿಪಿ, ಹೃದಯದ ಸ್ಕ್ಯಾನ್ ಆದ ಎಕೋದಲ್ಲಿ ಬರೆದ ಇಎಫ್. ಇಎಫ್ ಅಂದರೆ ಹೃದಯ ಒಂದು ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರಗೆ ದೂಡುತ್ತದೆ ಅನ್ನುವ ಅಳತೆ.

ಈ ಪುಟ ನೋಡಿದರೆ ನೀವು ಯಾವ ಗುಂಪಿನವರು ಅಂತ ಗೊತ್ತಾಗುತ್ತದೆ. ಎಲ್‌ಡಿಎಲ್ ಇನ್ನೂ 90, 100 ಎಂಜಿ/ಡಿಎಲ್ ಇದ್ದರೆ ಮೊದಲ ಕೆಲಸ ಅದನ್ನು ಇಳಿಸುವುದು. ಸ್ಟೆಂಟ್ ಇರುವವರಲ್ಲಿ ಈಗ ಅದನ್ನು 55ಕ್ಕಿಂತ ಕೆಳಗೆ ತರಲು ನೋಡುತ್ತಾರೆ. ಎಲ್‌ಡಿಎಲ್ ಚೆನ್ನಾಗಿ ಇಳಿದಿದೆ, ಆದರೂ ಎಚ್‌ಎಸ್-ಸಿಆರ್‌ಪಿ ಎರಡು ಸಲವೂ 2ಕ್ಕಿಂತ ಮೇಲೆ ಇದೆ ಅಂದರೆ, ಉಳಿದಿರುವುದು ಉರಿಯೂತದ ಅಪಾಯ. ಇಂಥವರು ಕಡಿಮೆ ಜನ ಅಲ್ಲ. ಅವರಿಗೆ ಮುಂದಿನ ಹಂತ.

9. ಏರಿದ್ದರ ಮೂಲ ಹುಡುಕಿ

ಬಾಯಿಂದ ಶುರು ಮಾಡಿ. ವಸಡಿನಲ್ಲಿ ರಕ್ತ, ಬಾಯಿ ವಾಸನೆ, ಅಲ್ಲಾಡುವ ಹಲ್ಲು. ವಸಡಿನ ಕಾಯಿಲೆ ವರ್ಷಗಟ್ಟಲೆ ಸಿಆರ್‌ಪಿಯನ್ನು ಏರಿಸಿಯೇ ಇಡಬಲ್ಲದು. ನಮ್ಮ ಕಡೆ ಇದನ್ನು ಯಾರೂ ಕಾಯಿಲೆ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅದೇ ನನ್ನ ಸಂಕಟ. ತಂಬಾಕು-ಸುಣ್ಣ, ಗುಟ್ಕಾ, ಬೀಡಿ, ಸುಟ್ಟ ತಂಬಾಕಿನ ಪುಡಿಯಿಂದ ಹಲ್ಲುಜ್ಜುವುದು, ಇವು ಇದ್ದರೆ ಬಾಯಿಗೂ ಕುತ್ತು, ಹೃದಯಕ್ಕೂ ಕುತ್ತು. ನಿಪ್ಪಾಣಿ ಸೀಮೆಯಲ್ಲಿ ತಂಬಾಕು ಬೆಳೆಯೇ ಬದುಕು ಅಂತ ಗೊತ್ತು. ಬೆಳೆಯುವುದು ಬೇರೆ, ಸ್ಟೆಂಟ್ ಇಟ್ಟುಕೊಂಡು ತಿನ್ನುವುದು ಬೇರೆ. ದಂತ ವೈದ್ಯರ ಹತ್ತಿರ ಹೋದಾಗ ಸ್ಟೆಂಟ್ ಇದೆ ಅಂತ ಮೊದಲು ಹೇಳಿ. ಹಲ್ಲು ಕೀಳಲು ರಕ್ತ ತೆಳು ಮಾಡುವ ಗುಳಿಗೆ ನಿಲ್ಲಿಸಿ ಅಂತ ಯಾರೇ ಹೇಳಿದರೂ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಆಮೇಲೆ ಕಾಲು. ಶುಗರ್ ಇರುವವರು ಅಂಗಾಲು, ಬೆರಳ ಸಂದಿ ನೋಡಿಕೊಳ್ಳಿ. ಹೊಲದಲ್ಲಿ ಬರಿಗಾಲಲ್ಲಿ ಓಡಾಡಿ ಆದ ಗಾಯ ನೋವೇ ಇಲ್ಲದೆ ಕೀವುಗಟ್ಟಿರುತ್ತದೆ. ಉರಿಮೂತ್ರ, ಹಳೆ ಕೆಮ್ಮು, ಬೆಳಗ್ಗೆ ಕೈಬೆರಳು ಬಿಗಿಯುವ ಸಂಧಿವಾತ, ಇವನ್ನೂ ಹೇಳಿ. ಹೊಟ್ಟೆಯ ಬೊಜ್ಜು ಕೂಡ ಸುಮ್ಮನೆ ಕೂತಿರುವುದಿಲ್ಲ, ಉರಿಯೂತದ ಸಂದೇಶ ಕಳಿಸುತ್ತಲೇ ಇರುತ್ತದೆ. ತೂಕ ಇಳಿದರೆ ಸಿಆರ್‌ಪಿ ಇಳಿಯುತ್ತದೆ. ಊಟಕ್ಕೆ ಹೊಸದೇನೂ ತರಬೇಕಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಮೆಂತ್ಯದ ಸೊಪ್ಪು ಇವೆ. ಶೇಂಗಾ ಹಿಂಡಿ ಒಂದು ಚಮಚ ಸಾಕು, ಉಪ್ಪು ಕಡಿಮೆ ಇರಲಿ. ಸಂಜೆಯ ಮಿರ್ಚಿ ಭಜ್ಜಿ, ಹಬ್ಬದ ಕರದಂಟು, ಕುಂದಾ ಇವಕ್ಕೆ ಕೈ ಹಿಡಿತ ಇರಲಿ.

10. ಗುಳಿಗೆ ವಿಷಯದಲ್ಲಿ ಮೂರು ಎಚ್ಚರಿಕೆ

ಸಿಆರ್‌ಪಿ 0.8 ಬಂತು, ಎಲ್ಲ ಸರಿಹೋಯಿತು ಅಂತ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲರ್ ಬಿಟ್ಟವರಿದ್ದಾರೆ. ಇದರಷ್ಟು ಅಪಾಯ ಬೇರೆ ಇಲ್ಲ. ಈ ಗುಳಿಗೆಗಳು ಸ್ಟೆಂಟ್ ಒಳಗೆ ಹೆಪ್ಪುಗಟ್ಟದಂತೆ ತಡೆಯುತ್ತವೆ. ಸಿಆರ್‌ಪಿಗೂ ಅವುಗಳ ಅವಧಿಗೂ ಸಂಬಂಧವೇ ಇಲ್ಲ. ಸ್ಟ್ಯಾಟಿನ್ ಕೂಡ ಅಷ್ಟೇ. ಅದು ಎಲ್‌ಡಿಎಲ್ ಜೊತೆಗೆ ಸಿಆರ್‌ಪಿಯನ್ನೂ ಇಳಿಸುತ್ತದೆ. ನಿಮ್ಮ ಅಂಕಿ ಚೆನ್ನಾಗಿ ಬಂದದ್ದು ಆ ಗುಳಿಗೆಯಿಂದಲೇ ಇರಬಹುದು.

ಎರಡನೆಯದು, ಉರಿಯೂತ ಅಂದ ಕೂಡಲೇ ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆ ತಗೊಳ್ಳುವುದು. ಹೃದಯದ ಕಾಯಿಲೆ ಇರುವವರಿಗೆ ಅವು ಹಾರ್ಟ್ ಅಟ್ಯಾಕ್ ಅಪಾಯ ಹೆಚ್ಚಿಸುತ್ತವೆ. ಆಸ್ಪಿರಿನ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು.

ಮೂರನೆಯದು ಕೊಲ್ಚಿಸಿನ್. ಗೌಟ್ ಅನ್ನುವ ಕೀಲುನೋವಿಗೆ ಕೊಡುವ ಹಳೆಯ ಗುಳಿಗೆ. 2019ರ ಕೋಲ್‌ಕಾಟ್ ಅಧ್ಯಯನದಲ್ಲಿ ಹಾರ್ಟ್ ಅಟ್ಯಾಕ್ ಆದ 4,745 ಜನರಲ್ಲಿ ಅರ್ಧ ಮಂದಿಗೆ ದಿನಕ್ಕೆ 0.5 ಮಿಲಿಗ್ರಾಂ ಕೊಟ್ಟಾಗ ಮುಂದಿನ ಹೃದಯದ ತೊಂದರೆಗಳು ಶೇ. 23ರಷ್ಟು ಕಡಿಮೆಯಾದವು. 2024ರಲ್ಲಿ ಹೊರಬಂದ, ಸುಮಾರು 7,000 ಜನರ ಇನ್ನೊಂದು ಅಧ್ಯಯನದಲ್ಲಿ ಪ್ರಯೋಜನ ಕಾಣಲಿಲ್ಲ. ಅಂದರೆ ತಜ್ಞರು ಇನ್ನೂ ತೂಗಿ ನೋಡುತ್ತಿರುವ ವಿಷಯ ಇದು. ಕಿಡ್ನಿ ದುರ್ಬಲ ಇದ್ದವರಿಗೆ, ಕ್ಲಾರಿಥ್ರೊಮೈಸಿನ್‌ನಂಥ ಆಂಟಿಬಯಾಟಿಕ್ ತಗೊಳ್ಳುವವರಿಗೆ ಇದು ವಿಷವಾಗಬಹುದು. ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಳ್ಳುವ ಗುಳಿಗೆ ಅಲ್ಲವೇ ಅಲ್ಲ. ನಿಮಗೆ ಸೂಕ್ತವೇ ಅಂತ ಡಾಕ್ಟರನ್ನು ಕೇಳಬಹುದು, ಅಷ್ಟೇ.

11. ಡಾಕ್ಟರ್ ಮುಂದೆ

ಬೆಳಗಾವಿಯ ಕೆಎಲ್‌ಇ ಆಸ್ಪತ್ರೆ ಇರಲಿ, ವಿಜಯಪುರದ ಬಿಎಲ್‌ಡಿಇ ಇರಲಿ, ನಮ್ಮ ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆ ಇರಲಿ, ಒಪಿಡಿಯಲ್ಲಿ ನಿಮಗೆ ಸಿಗುವುದು ಕೆಲವೇ ನಿಮಿಷ. ಹತ್ತು ಫೈಲ್ ಹರಡಬೇಡಿ. ಆ ಒಂದು ಪುಟ ಮುಂದಿಡಿ. ರಕ್ತ ಕೊಟ್ಟ ದಿನಾಂಕ, ಸ್ಟೆಂಟ್ ಹಾಕಿದ ದಿನಾಂಕ ಮೇಲೆ ದೊಡ್ಡದಾಗಿ ಬರೆದಿರಿ. ಆಮೇಲೆ ಇಷ್ಟು ಕೇಳಿ: "ಸರ್, ಎರಡು ಸಲಾನೂ ಎಚ್‌ಎಸ್-ಸಿಆರ್‌ಪಿ ಎರಡಕ್ಕಿಂತ ಮ್ಯಾಲ ಐತಿ. ಎಲ್‌ಡಿಎಲ್ ಸಾಕಷ್ಟು ಇಳಿದೈತೇನ್ರಿ? ಸ್ಟ್ಯಾಟಿನ್ ಬದಲಿಸಬೇಕೇನ್ರಿ? ಹಲ್ಲು, ಕಾಲು ತೋರಿಸಬೇಕೇನ್ರಿ? ಕೊಲ್ಚಿಸಿನ್ ನಮ್ಮಪ್ಪಾಗ ಆಗತೈತೇನ್ರಿ, ಕಿಡ್ನಿಗೆ ತ್ರಾಸ ಇಲ್ಲಲ್ಲ?"

ಮತ್ತೆ ಯಾವಾಗ ಮಾಡಿಸಬೇಕು ಅಂತಲೂ ಅಲ್ಲೇ ಕೇಳಿಕೊಳ್ಳಿ. ಗುಳಿಗೆ ಬದಲಾಗಿದ್ದರೆ ಎರಡು ಮೂರು ತಿಂಗಳ ಮೇಲೆ, ಕೊಲೆಸ್ಟ್ರಾಲ್ ಟೆಸ್ಟ್ ಜೊತೆಗೇ ಮಾಡಿಸಿದರೆ ಒಂದೇ ಸೂಜಿಯಲ್ಲಿ ಮುಗಿಯುತ್ತದೆ. ಏನೂ ಬದಲಾಗದಿದ್ದರೆ ತಿಂಗಳಿಗೊಮ್ಮೆ ಮಾಡಿಸುವುದು ದುಡ್ಡಿಗೂ ದಂಡ, ಮನಸ್ಸಿಗೂ ದಂಡ. ಆ ದುಡ್ಡಿನಲ್ಲಿ ಒಮ್ಮೆ ಹಲ್ಲು ಸ್ವಚ್ಛ ಮಾಡಿಸಿಕೊಂಡು ಬನ್ನಿ.